‘ಯಾವ ವಾರ್ಡ್ ರೀ?’ ಎಂದು ಕೇಳುವ ಸನ್ಮಾನ ಸಾಮಗ್ರಿಯ ಅಂಗಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಒಂದು ಅಡ್ಡಬೀದಿಯಲ್ಲಿ, ಎರಡು ಬಟ್ಟೆ ಅಂಗಡಿಗಳ ನಡುವೆ ಸಿಕ್ಕಿಕೊಂಡಂತಿರುವ ಈ ಸನ್ಮಾನ ಸಾಮಗ್ರಿಯ ಅಂಗಡಿಯನ್ನು ನಾನು ಕಳೆದ ನಾಲ್ಕೈದು ವರ್ಷಗಳಿಂದ ಬಲ್ಲೆ. ಶಾಲು, ಪೇಟ, ಹಾರ, ಸ್ಮರಣಿಕೆ, ಅಭಿನಂದನಾ ಪತ್ರದ ಚೌಕಟ್ಟು, ಹಣ್ಣಿನ ಬುಟ್ಟಿಗೆ ಸುತ್ತುವ ಜರಿ ಕಾಗದ, ಇವೆಲ್ಲ ಇಲ್ಲಿ ಒಂದೇ ಕಡೆ ಸಿಗುತ್ತವೆ. ಅಂಗಡಿಯ ಹೆಸರನ್ನು ಬರೆಯಬೇಡಿ ಎಂದು ಮಾಲೀಕರೇ ಕೇಳಿಕೊಂಡಿದ್ದಾರೆ. ‘ಇದ್ದ ಗಿರಾಕಿಗೇ ಟೈಮಿಗೆ ಕೊಡ್ಲಿಕ್ಕೆ ಆಗವಲ್ತು, ಇನ್ನಷ್ಟು ಮಂದಿನ್ನ ಕಳಿಸಬ್ಯಾಡ್ರಿ’ ಎಂಬುದು ಅವರ ಮಾತು. ಈ ವಿಮರ್ಶೆಯಲ್ಲಿ ನಾನು ಹೇಳಲಿರುವ ಮುಖ್ಯ ದೂರು ಕೂಡ ಅದೇ ಆಗಿರುವುದರಿಂದ ಅವರ ಕೋರಿಕೆಯನ್ನು ಮನ್ನಿಸಿದ್ದೇನೆ. ಆದರೆ ದೂರಿಗಿಂತ ಮೊದಲು ಮೆಚ್ಚುಗೆಯನ್ನು ಬರೆಯಬೇಕಾಗಿದೆ. ಆ ಮೆಚ್ಚುಗೆಗೆ ಕಾರಣವಾದದ್ದು ಶಾಲೂ ಅಲ್ಲ, ಹಾರವೂ ಅಲ್ಲ, ಹಿತ್ತಾಳೆಯ ತಗಡಿನ ಮೇಲೆ ಕೆತ್ತುವ ಎರಡು ಸಾಲು.

ನಮ್ಮ ಬಡಾವಣೆಯ ಹೆಣ್ಣುಮಗಳೊಬ್ಬಳು ಔಷಧ ವಿಜ್ಞಾನ ಓದಿ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ಉತ್ತರ ಭಾಗದ ಒಂದು ಊರಿನಲ್ಲಿ ಔಷಧ ಅಂಗಡಿಯಲ್ಲಿ ಕೆಲಸ ಮಾಡುತ್ತಲೇ ಆ ಊರಿನ ಪಾಲಿಕೆಗೆ ಸದಸ್ಯೆಯಾಗಿ ಆರಿಸಿ ಬಂದಿದ್ದಾಳೆ. ತಂದೆ ತಾಯಿಯನ್ನು ನೋಡಲು ಹನ್ನೆರಡು ದಿನಗಳ ಮಟ್ಟಿಗೆ ಊರಿಗೆ ಬರುತ್ತಾಳೆ ಎಂಬ ಸುದ್ದಿ ತಿಳಿದೊಡನೆ ನಮ್ಮ ನಿವಾಸಿಗಳ ಸಂಘ ಸನ್ಮಾನ ಸಮಾರಂಭವನ್ನು ನಿಶ್ಚಯಿಸಿತು. ಸಾಮಗ್ರಿ ತರುವ ಹೊಣೆ, ಎಂದಿನಂತೆ, ಕಾರ್ಯದರ್ಶಿಯಾದ ನನ್ನ ಪಾಲಿಗೆ ಬಂದಿತು. ಸ್ಮರಣಿಕೆಯ ಮೇಲೆ ಬರೆಸಬೇಕಾದ ಮಾತನ್ನು ಸಂಘದ ಹಿರಿಯರೊಬ್ಬರು ಚೀಟಿಯಲ್ಲಿ ಬರೆದುಕೊಟ್ಟಿದ್ದರು: ‘ಲಂಡನ್ ಮೇಯರ್ ಆಗಿ ಆಯ್ಕೆಯಾಗಿ ಕಲಬುರಗಿಯ ಕೀರ್ತಿಯನ್ನು ಜಗದಗಲ ಹರಡಿದ’ ಎಂದು ಮೊದಲಾಗಿ, ಕೆಳಗೆ ಸಂಘದ ಹೆಸರು. ನಾನೂ ಅದನ್ನು ಓದಿ, ಒಂದು ಅಕ್ಷರವನ್ನೂ ತಿದ್ದದೆ, ಜೇಬಿಗೆ ಹಾಕಿಕೊಂಡು ಹೋದೆ.

ಮಾಲೀಕರು ಚೀಟಿಯನ್ನು ಎರಡು ಸಲ ಓದಿದರು. ಬಳಿಕ ಕನ್ನಡಕವನ್ನು ಹಣೆಯ ಮೇಲೆ ಏರಿಸಿ, ‘ಲಂಡನ್ ಮೇಯರ್ ಅಂದ್ರ ಯಾವ ಮೇಯರ್ ರೀ ಸರ? ಜನ ಓಟ್ ಹಾಕಿ ಆರಿಸಿದ್ದಾ, ಮೆಂಬರ್‌ಗೋಳು ವರ್ಷಕ್ಕೊಬ್ಬರನ್ನ ಕೂಡಸ್ತಾರಲ್ಲ ಅದಾ? ಇಲ್ಲಾ ಅಕ್ಕಾವ್ರು ಮೆಂಬರ್ ಅದಾರಾ? ಯಾವ ವಾರ್ಡ್ ರೀ?’ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ‘ಕೇಳ್ಕೊಂಡು ಬರ್ರಿ, ಆಮ್ಯಾಲ ಕೆತ್ತತೀನಿ. ತಪ್ಪು ಬರದ್ರ ಅವರು ಅದನ್ನ ಅಲ್ಲಿ ಗ್ವಾಡಿಗಿ ಹಾಕೋದು ಹೆಂಗ?’ ಎಂದು ಚೀಟಿಯನ್ನು ಹಿಂದಿರುಗಿಸಿದರು. ಮುಂಗಡ ಕೊಡಲು ಕೈಯಲ್ಲಿ ಹಣ ಹಿಡಿದು ನಿಂತ ಗಿರಾಕಿಯನ್ನು ಹಿಂದಕ್ಕೆ ಕಳಿಸುವ ಅಂಗಡಿಯವರನ್ನು ನಾನು ಈ ಊರಿನಲ್ಲಿ ಹೆಚ್ಚು ನೋಡಿಲ್ಲ.

ಅವರ ಪ್ರಶ್ನೆಯಲ್ಲಿ ಹುರುಳಿತ್ತು. ಲಂಡನ್ ಎಂಬ ಒಂದು ಹೆಸರಿನಡಿ ಬಗೆಬಗೆಯ ಮೇಯರುಗಳಿದ್ದಾರೆ. ಇಡೀ ಮಹಾನಗರಕ್ಕೆ ಜನರೇ ನೇರವಾಗಿ ಆರಿಸುವ ಮೇಯರ್ ಒಬ್ಬರು. ಆ ಹುದ್ದೆ ಹುಟ್ಟಿದ್ದೇ 2000ರಲ್ಲಿ, ಮತ್ತು 2016ರಿಂದ ಅದರಲ್ಲಿರುವವರು ಸಾದಿಕ್ ಖಾನ್. ನಗರದ ಹಳೆಯ ವ್ಯಾಪಾರ ಕೇಂದ್ರವಾದ ‘ಸಿಟಿ’ಗೆ ಬೇರೆ ಲಾರ್ಡ್ ಮೇಯರ್ ಇದ್ದಾರೆ, ಅದು ಶತಮಾನಗಳ ಸಂಪ್ರದಾಯದ ಗೌರವ ಹುದ್ದೆ. ಇನ್ನು ಸಿಟಿಯನ್ನು ಬಿಟ್ಟು ಉಳಿದ ಲಂಡನ್ 32 ಬರೋಗಳಾಗಿ, ಅಂದರೆ ತಮ್ಮದೇ ಪಾಲಿಕೆಯುಳ್ಳ ಪ್ರದೇಶಗಳಾಗಿ ಹಂಚಿಹೋಗಿದೆ. ಅವುಗಳಲ್ಲಿ ಕೆಲವು ಕಡೆ ಮಾತ್ರ ಮೇಯರನ್ನು ಜನ ಆರಿಸುತ್ತಾರೆ; ಹೆಚ್ಚಿನ ಕಡೆ ಸದಸ್ಯರು ತಮ್ಮಲ್ಲೊಬ್ಬರನ್ನು ಒಂದು ವರ್ಷಕ್ಕೆ ಮೇಯರ್ ಮಾಡುತ್ತಾರೆ, ಆಡಳಿತದ ಅಧಿಕಾರವೆಲ್ಲ ಪಾಲಿಕೆಯ ನಾಯಕ ಎನಿಸಿಕೊಂಡವರ ಕೈಯಲ್ಲಿರುತ್ತದೆ. ನಮಗೆ ಇದು ತೀರ ಅಪರಿಚಿತವೇನಲ್ಲ. 55 ವಾರ್ಡುಗಳ ನಮ್ಮ ಕಲಬುರಗಿ ಮಹಾನಗರ ಪಾಲಿಕೆಯಲ್ಲೂ ಮೇಯರ್ ಅವಧಿ ಒಂದೇ ವರ್ಷದ್ದು. ಆದರೂ ಕಲಬುರಗಿಯ ಮೇಯರನ್ನು ‘ಕರ್ನಾಟಕದ ಮೇಯರ್’ ಎಂದು ಯಾರಾದರೂ ಬರೆದರೆ ನಾವು ನಗುತ್ತೇವೆ. ಲಂಡನ್ನಿನ ಮಾತು ಬಂದಾಗ ಮಾತ್ರ ಆ ಎಚ್ಚರವನ್ನು ಬಿಟ್ಟುಬಿಡುತ್ತೇವೆ.

ಈ ಗೊಂದಲ ನಮ್ಮ ಊರಿನಲ್ಲಿ ಬೇರೂರಲು ಒಂದು ಕಾರಣವೂ ಇದೆ. ಕಲಬುರಗಿ ಮೂಲದ ವೈದ್ಯ ಡಾ. ನೀರಜ್ ಪಾಟೀಲ್ ಅವರು ಲೇಬರ್ ಪಕ್ಷದಿಂದ ಲ್ಯಾಂಬೆತ್ ಬರೋ ಪಾಲಿಕೆಯ ಸದಸ್ಯರಾಗಿ, 2010–11ರಲ್ಲಿ ಅದರ ಮೇಯರ್ ಆಗಿದ್ದರು. ಥೇಮ್ಸ್ ನದಿಯ ದಂಡೆಯಲ್ಲಿ, ಬ್ರಿಟನ್ನಿನ ಸಂಸತ್ತಿನ ಎದುರು ದಡದಲ್ಲಿರುವ ಆಲ್ಬರ್ಟ್ ಎಂಬಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆಯನ್ನು ನಿಲ್ಲಿಸುವ ಕೆಲಸದ ಮುಂದಾಳತ್ವ ವಹಿಸಿದವರೂ ಅವರೇ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣ ಮಾಡಿದರು. ಆ ಬಳಿಕ ಊರಿನ ಭಾಷಣಗಳಲ್ಲಿ, ಬ್ಯಾನರುಗಳಲ್ಲಿ ‘ಲ್ಯಾಂಬೆತ್’ ಎಂಬ ಶಬ್ದ ಉದುರಿಹೋಗಿ ‘ಲಂಡನ್’ ಎಂಬುದಷ್ಟೇ ಉಳಿಯಿತು. ಉದುರಿಹೋದ ಶಬ್ದದ ಜೊತೆಗೆ ಕಥೆಯ ಅರ್ಥಪೂರ್ಣ ಭಾಗವೂ ಹೋಯಿತೆಂದು ನನಗನಿಸುತ್ತದೆ. ಆ ದಡ ಇರುವುದು ಲ್ಯಾಂಬೆತ್ ಬರೋದ ವ್ಯಾಪ್ತಿಯಲ್ಲಿ. ಅಲ್ಲಿ ಮನೆ ಮನೆಗೆ ಹೋಗಿ ಮತ ಕೇಳಿ ಪಾಲಿಕೆಯೊಳಗೆ ಕುಳಿತ ಮನುಷ್ಯನೊಬ್ಬ, ತನ್ನ ಪಾಲಿಕೆಯ ನೆಲದಲ್ಲಿ ಒಂದು ಪ್ರತಿಮೆಗೆ ಜಾಗ ಕೇಳಿದ ಎಂಬುದು ‘ಲಂಡನ್ ಮೇಯರ್’ ಎಂಬ ದೊಡ್ಡ ಬಿರುದಿನಲ್ಲಿ ಕಾಣಿಸುವುದೇ ಇಲ್ಲ. ಇದೇ ನೀರಜ್ ಪಾಟೀಲ್ 2017ರ ಸಂಸತ್ ಚುನಾವಣೆಯಲ್ಲಿ ಪಟ್ನಿ ಕ್ಷೇತ್ರದಿಂದ ನಿಂತು, ಆಗ ಸಚಿವೆಯಾಗಿದ್ದ ಜಸ್ಟಿನ್ ಗ್ರೀನಿಂಗ್ ಅವರೆದುರು 1,554 ಮತಗಳಿಂದ ಸೋತರು. ಆ ಸೋಲಿನ ಬಗ್ಗೆ ನಮ್ಮಲ್ಲಿ ಯಾರೂ ಬ್ಯಾನರ್ ಕಟ್ಟಲಿಲ್ಲ, ಕಟ್ಟುವುದೂ ಇಲ್ಲ. ಆದರೆ ಪರನಾಡಿನಲ್ಲಿ ಅಷ್ಟು ಹತ್ತಿರ ಬಂದು ಸೋಲುವುದು ಎಷ್ಟು ಬೀದಿಗಳ ತಿರುಗಾಟ ಎಂಬುದನ್ನು ವಾರ್ಡ್ ಚುನಾವಣೆಯಲ್ಲಿ ಓಡಾಡಿದವರು ಬಲ್ಲರು.

ಅಂಗಡಿಯ ಮಾಲೀಕರ ಬಳಿ ಉದ್ದನೆಯ ಒಂದು ಲೆಕ್ಕದ ಪುಸ್ತಕವಿದೆ. ಹಿಂದಿನ ಪುಟಗಳಲ್ಲಿ ಬಾಕಿ ಲೆಕ್ಕ, ಮುಂದಿನ ಪುಟಗಳಲ್ಲಿ ಪದವಿಗಳ ಪಟ್ಟಿ. ಪತ್ರಿಕೆಗಳಲ್ಲಿ ಕಂಡ ಹೆಸರುಗಳನ್ನು, ಅವುಗಳ ಮುಂದಿನ ಹುದ್ದೆಯನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು ಎಂಬುದನ್ನು ಅವರು ತಾವೇ ಬರೆದಿಟ್ಟುಕೊಂಡಿದ್ದಾರೆ. ಚಂದ್ರ ಆರ್ಯ: ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನವರು, 2015ರಲ್ಲಿ ನೇಪಿಯನ್ ಕ್ಷೇತ್ರದಿಂದ ಕೆನಡಾದ ಸಂಸತ್ತಿಗೆ ಆಯ್ಕೆಯಾಗಿ 2025ರವರೆಗೆ ಸಂಸದರಾಗಿದ್ದವರು, 2022ರ ಮೇ ತಿಂಗಳಲ್ಲಿ ಅಲ್ಲಿನ ಸದನದಲ್ಲಿ ಕನ್ನಡದಲ್ಲಿ ಮಾತನಾಡಿದವರು, ಮುಂದೆ ‘ಸಂಸದ, ಮಂತ್ರಿ ಅಲ್ಲ’ ಎಂದು ಕೆಂಪು ಶಾಯಿಯಲ್ಲಿ ಟಿಪ್ಪಣಿ. ಬೆಳಗಾವಿಯ ಶ್ರೀ ಥಾಣೇದಾರ್: ಮೊದಲು ಮಿಷಿಗನ್ ರಾಜ್ಯದ ಶಾಸನಸಭೆ, ಬಳಿಕ 2022ರ ಚುನಾವಣೆಯಲ್ಲಿ ಗೆದ್ದು ಅಮೆರಿಕದ ಸಂಸತ್ತಿನ ಕೆಳಮನೆ. ‘ಶ್ರೀ ಅನ್ನೋದು ಅವರ ಹೆಸರೇ ರೀ, ಅದರ ಮುಂದ ಮತ್ತೊಂದು ಶ್ರೀ ಹಾಕಬೇಕಾ ಬ್ಯಾಡಾ ಅಂತ ಎರಡ್ ದಿನ ವಿಚಾರ ಮಾಡೀನಿ’ ಎಂದು ಅವರು ನಕ್ಕರು. ಯಾರೂ ಕೊಡದ ಆರ್ಡರಿಗಾಗಿ ಎರಡು ದಿನ ವಿಚಾರ ಮಾಡುವವರು ಇವರು.

ಆ ಪುಸ್ತಕಕ್ಕೆ ನಾನೂ ಎರಡು ಹೆಸರು ಸೇರಿಸಿ ಬಂದೆ. ಒಂದು ವಿ. ಕೆ. ಕೃಷ್ಣ ಮೆನನ್ ಅವರದು. ದೇಶದ ರಕ್ಷಣಾ ಸಚಿವರೆಂದು ನಾವು ಬಲ್ಲ ಅವರು ಅದಕ್ಕೂ ಮೊದಲು, 1934ರಿಂದ 1947ರವರೆಗೆ, ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ಪಾಲಿಕೆಯ ಸದಸ್ಯರಾಗಿದ್ದರು; ಗ್ರಂಥಾಲಯಗಳ ಸಮಿತಿಯ ಅಧ್ಯಕ್ಷರಾಗಿ ದುಡಿದದ್ದಕ್ಕೆ ಅಲ್ಲಿನ ಜನ ಅವರನ್ನು ನೆನಪಿಟ್ಟುಕೊಂಡರು, 1955ರಲ್ಲಿ ಆ ಪಾಲಿಕೆ ಅವರಿಗೆ ತನ್ನ ಪೌರ ಗೌರವವನ್ನು ನೀಡಿತು. ಇನ್ನೊಂದು ದಲೀಪ್ ಸಿಂಗ್ ಸೌಂದ್ ಅವರದು. ಪಂಜಾಬಿನಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬೇಸಾಯ ಮಾಡಿಕೊಂಡಿದ್ದ ಅವರಿಗೆ, ಭಾರತೀಯರಿಗೆ ನಾಗರಿಕತ್ವ ಕೊಡುವ ಕಾನೂನು 1946ರಲ್ಲಿ ಬರುವವರೆಗೆ ಓಟಿನ ಹಕ್ಕೇ ಇರಲಿಲ್ಲ. 1949ರಲ್ಲಿ ನಾಗರಿಕರಾದರು, 1952ರಲ್ಲಿ ವೆಸ್ಟ್‌ಮೊರ್‌ಲ್ಯಾಂಡ್ ಎಂಬ ಸಣ್ಣ ಊರಿನ ನ್ಯಾಯಾಧೀಶರ ಹುದ್ದೆಯ ಚುನಾವಣೆ ಗೆದ್ದರು, 1956ರಲ್ಲಿ ಅಮೆರಿಕದ ಸಂಸತ್ತಿಗೇ ಆಯ್ಕೆಯಾದರು. ಮಾಲೀಕರು ಕೇಳಿದ್ದು ಇಷ್ಟೇ: ‘ಮದಲ ಸಣ್ಣ ಊರು, ಆಮ್ಯಾಲ ದೊಡ್ಡ ಮನಿ. ಎರಡೂ ಬರೀಬೇಕಲ್ರಿ? ಜಾಗ ಹತ್ತಂಗಿಲ್ಲ.’

ಅಂದು ರಾತ್ರಿ ನಾನು ಆ ಹೆಣ್ಣುಮಗಳಿಗೇ ಫೋನ್ ಮಾಡಿದೆ. ಚೀಟಿಯಲ್ಲಿದ್ದ ಮಾತನ್ನು ಓದಿ ಹೇಳಿದಾಗ ಆಕೆ ಬಹಳ ಹೊತ್ತು ನಕ್ಕಳು. ‘ಕಾಕಾ, ಲಂಡನ್ ನಮ್ಮೂರಿಂದ ರೈಲಿನಾಗ ಮೂರು ತಾಸಿನ ದಾರಿ ಅದ. ನಾನು ಬರೇ ಕೌನ್ಸಿಲರ್’ ಎಂದಳು. ಆ ‘ಬರೇ’ ಎಂಬ ಶಬ್ದದ ಅರ್ಥವನ್ನು ಮುಂದಿನ ಅರ್ಧ ತಾಸಿನಲ್ಲಿ ತಿಳಿದುಕೊಂಡೆ. ಪಾಲಿಕೆಯ ಸದಸ್ಯರಿಗೆ ಅಲ್ಲಿ ಸಂಬಳವಿಲ್ಲ, ಭತ್ಯೆಯುಂಟು; ಆದ್ದರಿಂದ ಆಕೆ ಹಗಲು ಔಷಧ ಅಂಗಡಿಯಲ್ಲಿ ದುಡಿದು ಸಂಜೆ ಸಭೆಗಳಿಗೆ ಹೋಗುತ್ತಾಳೆ. ತಿಂಗಳಿಗೊಮ್ಮೆ ಶನಿವಾರ ಬೆಳಿಗ್ಗೆ ವಾರ್ಡಿನ ಗ್ರಂಥಾಲಯದ ಒಂದು ಕೋಣೆಯಲ್ಲಿ ಕುಳಿತು ಜನರ ಅಹವಾಲು ಕೇಳುತ್ತಾಳೆ. ಹೀಗೆ ಕುಳಿತುಕೊಳ್ಳುವುದಕ್ಕೆ ಅಲ್ಲಿ ‘ಸರ್ಜರಿ’ ಎಂದೇ ಹೆಸರು. ಮಗಳು ಶನಿವಾರ ಸರ್ಜರಿ ಮಾಡುತ್ತಾಳೆಂದು ಆಕೆಯ ತಾಯಿ ನಮ್ಮ ಬೀದಿಯವರಿಗೆಲ್ಲ ಹೇಳಿದ್ದುಂಟು, ಮಾತ್ರೆ ಕೊಡುವವಳು ಕತ್ತರಿ ಯಾವಾಗ ಹಿಡಿದಳೆಂದು ನಾವೆಲ್ಲ ಬೆರಗಾದದ್ದೂ ಉಂಟು. ಬರುವ ಅಹವಾಲುಗಳು ಮನೆಯ ಗೋಡೆಗೆ ತೇವ ಹತ್ತಿದ್ದು, ಕಸದ ಡಬ್ಬಿ ಒಯ್ಯದೇ ಇದ್ದದ್ದು, ಶಾಲೆಯ ಮುಂದೆ ಕಾರುಗಳು ವೇಗವಾಗಿ ಓಡುವುದು, ಇಂಥವೇ. ಆಕೆ ಬರೆದುಕೊಂಡು, ಸೋಮವಾರ ಅಧಿಕಾರಿಗೆ ಕಳಿಸಿ, ಉತ್ತರ ಬಾರದಿದ್ದರೆ ಮತ್ತೆ ಕಳಿಸುತ್ತಾಳೆ.

ನನಗೆ ತಿಳಿದಿರದ ಮತ್ತೊಂದು ಸಂಗತಿಯನ್ನೂ ಆಕೆ ಹೇಳಿದಳು. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಕ್ರಮಬದ್ಧವಾಗಿ ಬ್ರಿಟನ್ನಿನಲ್ಲಿ ನೆಲೆಸಿದ ಭಾರತದ ಪ್ರಜೆ ತನ್ನ ಪಾಸ್‌ಪೋರ್ಟನ್ನು ಬದಲಿಸದೆಯೇ ಅಲ್ಲಿ ಮತ ಹಾಕಬಹುದು. ತಕ್ಕ ವಾಸದ ಹಕ್ಕಿದ್ದರೆ ಚುನಾವಣೆಗೂ ನಿಲ್ಲಬಹುದು. ಅಮೆರಿಕದಲ್ಲಿ ಸೌಂದ್ ಅವರು ಕಾನೂನು ಬದಲಾಗುವವರೆಗೆ ವರ್ಷಗಟ್ಟಲೆ ಕಾಯಬೇಕಾಯಿತು. ಬ್ರಿಟನ್ನಿನಲ್ಲಿ ದಾದಾಭಾಯಿ ನವರೋಜಿ 1892ರಷ್ಟು ಹಿಂದೆಯೇ ಫಿನ್ಸ್‌ಬರಿ ಕ್ಷೇತ್ರದಿಂದ ಬೆರಳೆಣಿಕೆಯ ಮತಗಳ ಅಂತರದಲ್ಲಿ ಗೆದ್ದು ಸಂಸತ್ತಿನಲ್ಲಿ ಕುಳಿತರು. ಬಾಗಿಲು ತೆರೆದಿತ್ತು ಎಂದ ಮಾತ್ರಕ್ಕೆ ಒಳಗೆ ಕರೆದು ಕೂರಿಸಿದರು ಎಂದರ್ಥವಲ್ಲ. ಮೊದಲ ಸಲ ನಿಂತಾಗ ಸೋತದ್ದನ್ನು, ಕೆಲವು ಮನೆಗಳ ಬಾಗಿಲಲ್ಲಿ ಕೇಳಿಸಿಕೊಂಡದ್ದನ್ನು ಆಕೆ ಒಂದೇ ವಾಕ್ಯದಲ್ಲಿ ದಾಟಿಸಿದಳು. ನಾನೂ ಕೆದಕಲಿಲ್ಲ.

ಮರುದಿನ ಆಕೆಯ ಪಾಲಿಕೆಯ ಹೆಸರು, ವಾರ್ಡಿನ ಹೆಸರು, ಆಯ್ಕೆಯಾದ ವರ್ಷ ಮೂರನ್ನೂ ಬರೆದುಕೊಂಡು ಹೋದೆ. ಇಲ್ಲಿಂದ ಮುಂದೆ ಅಂಗಡಿಯ ಸರಕಿನ ಮಾತು. ಕೆತ್ತನೆಯ ಕೆಲಸ ಅಚ್ಚುಕಟ್ಟು. ಇಂಗ್ಲಿಷ್ ಊರುಗಳ ಹೆಸರನ್ನು ಕನ್ನಡದಲ್ಲಿ ಕೆತ್ತುವಾಗ ಒತ್ತಕ್ಷರಗಳು ಹರಿದುಹೋಗುವುದು ಈ ವೃತ್ತಿಯ ಹಳೆಯ ಕಾಯಿಲೆ: ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದನ್ನು ವಿನ್ಯಾಸದ ತಂತ್ರಾಂಶಕ್ಕೆ ಒಯ್ದಾಗ ಯತ್ವ ಒಂದು ಕಡೆ, ರಕಾರ ಮತ್ತೊಂದು ಕಡೆ ಬಿದ್ದಿರುತ್ತವೆ. ಹಿಂದೊಮ್ಮೆ ಬೇರೊಂದು ಕಡೆ ಮಾಡಿಸಿದ ಸ್ಮರಣಿಕೆಯಲ್ಲಿ ‘ಅಧ್ಯಕ್ಷರು’ ಎಂಬುದು ‘ಅಧಕ್ಷರು’ ಆಗಿ, ಅದು ಇಂದಿಗೂ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರ ಶೋಕೇಸಿನಲ್ಲಿದೆ. ಇಲ್ಲಿ ಮೊದಲು ಕಾಗದದ ಮೇಲೆ ಅಚ್ಚು ತೆಗೆದು, ಗಿರಾಕಿಯ ಕೈಯಲ್ಲಿ ಓದಿಸಿ, ಸಹಿ ಹಾಕಿಸಿಕೊಂಡ ಮೇಲೆಯೇ ತಗಡನ್ನು ಯಂತ್ರಕ್ಕೆ ಏರಿಸುತ್ತಾರೆ. ಊರಿನ ಹೆಸರಿನ ಬಗ್ಗೆಯೂ ಕಟ್ಟುನಿಟ್ಟು. 2014ರ ನವೆಂಬರ್ 1ರ ಬಳಿಕದ ಸನ್ಮಾನವಾದರೆ ‘ಗುಲಬರ್ಗಾ’ ಎಂದು ಬರೆದುಕೊಡುವುದಿಲ್ಲ.

ಸ್ಮರಣಿಕೆಗೆ ಅಕ್ರಿಲಿಕ್, ಮರದ ಹಲಗೆ, ಬೀದರಿನ ಬಿದರಿ ತಟ್ಟೆ ಎಂಬ ಮೂರು ಆಯ್ಕೆಗಳಿವೆ. ನಾನು ಆರಿಸಿದ್ದು ಬಿದರಿ. ಸತು ಹೆಚ್ಚಾಗಿ, ತಾಮ್ರ ಸ್ವಲ್ಪವೇ ಬೆರೆತ ಎರಕದ ಮೇಲೆ ಬೆಳ್ಳಿಯ ಎಳೆಯನ್ನು ಕೂಡಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಲ್ಲಿ ಕಪ್ಪೇರಿಸುವ ಈ ಕೆಲಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಇದರ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ಕರಿ ಬಣ್ಣ ಬಳಿದ ಹಗುರ ಅಲ್ಯೂಮಿನಿಯಮ್ಮನ್ನು ಬಿದರಿಯೆಂದು ಮಾರುವವರು ಬೇಕಾದಷ್ಟು ಮಂದಿ ಇದ್ದಾರೆ. ಈ ಅಂಗಡಿಯವರು ಎರಡನ್ನೂ ಅಕ್ಕಪಕ್ಕ ಇಟ್ಟು, ಕೈಯಲ್ಲಿ ತೂಗಿ ನೋಡಲು ಹೇಳಿ, ‘ಇದು ಖೊಟ್ಟಿ, ಆದ್ರ ಅಗ್ಗ’ ಎಂದು ಬಾಯಿ ಬಿಟ್ಟು ಹೇಳುತ್ತಾರೆ. ಅಸಲಿ ಬೇಕಾದರೆ ಹದಿನೈದು ದಿನ ಮೊದಲೇ ಹೇಳಬೇಕು. ಬೀದರಿಗೂ ಕಲಬುರಗಿಗೂ 2017ರಿಂದ ನೇರ ರೈಲು ಮಾರ್ಗವಿದೆ, 110 ಕಿ.ಮೀ. ದಾರಿ, ಆದರೂ ಹದಿನೈದು ದಿನ ಯಾಕೆ ಬೇಕು ಎಂಬುದಕ್ಕೆ ನನಗೆ ಸಮಾಧಾನಕರ ಉತ್ತರ ಸಿಗಲಿಲ್ಲ. ಬಿದರಿಯ ಮೇಲೆ ಹೆಸರು ಕೆತ್ತುವುದಿಲ್ಲ. ಕೆಳಗಿನ ಮರದ ಪೀಠಕ್ಕೆ ಹಿತ್ತಾಳೆಯ ತಗಡನ್ನು ಸ್ಕ್ರೂ ಹಾಕಿ ಕೂಡಿಸುತ್ತಾರೆ.

ಶಾಲು ಅಷ್ಟಕ್ಕಷ್ಟೇ. ಮುನ್ನೂರೈವತ್ತು ರೂಪಾಯಿಯ ಶಾಲಿನ ಜರಿ ಸಮಾರಂಭ ಮುಗಿಯುವುದರೊಳಗೆ ಅಧ್ಯಕ್ಷರ ಕೋಟಿಗೆ ಅಂಟಿಕೊಂಡಿತ್ತು. ಪೇಟ ಎಲ್ಲ ತಲೆಗೂ ಒಂದೇ ಅಳತೆ, ಹೆಣ್ಣುಮಕ್ಕಳ ತಲೆಗೆ ಕಣ್ಣಿನವರೆಗೆ ಇಳಿಯುತ್ತದೆ. ಹಣ್ಣಿನ ಬುಟ್ಟಿಯ ಬದಲು ಕಲಬುರಗಿಯ ತೊಗರಿಬೇಳೆಯ ಸಣ್ಣ ಚೀಲವನ್ನು ಕೆಂಪು ದಾರ ಕಟ್ಟಿ ಕೊಡುವ ಹೊಸ ಪದ್ಧತಿಯನ್ನು ಇವರು ಶುರು ಮಾಡಿದ್ದಾರೆ, ಅದು ಒಳ್ಳೆಯದು. ವೇದಿಕೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಬಿದ್ದದ್ದು ಅದಕ್ಕೇ.

ರಸೀದಿಯ ವಿಷಯದಲ್ಲಿ ಮಾತ್ರ ಸ್ವಲ್ಪ ಜಗ್ಗಾಟವಾಯಿತು. ಸನ್ಮಾನದ ಹಿಂದಿನ ದಿನ ಆ ಹೆಣ್ಣುಮಗಳು ಫೋನ್ ಮಾಡಿ, ಕೊಡಲಿರುವ ವಸ್ತುಗಳ ಬೆಲೆ ಎಷ್ಟು ಎಂದು ಕೇಳಿದಳು. ಉಡುಗೊರೆಯ ಬೆಲೆ ಕೇಳುವುದು ನಮ್ಮಲ್ಲಿ ಸಭ್ಯತೆಯಲ್ಲವಾದ್ದರಿಂದ ನನಗೆ ಕಸಿವಿಸಿಯಾಯಿತು. ಆಕೆ ಕಾರಣ ಹೇಳಿದಳು: ಸದಸ್ಯೆ ಎಂಬ ನೆಲೆಯಲ್ಲಿ ಸಿಕ್ಕ ಉಡುಗೊರೆ 50 ಪೌಂಡ್ ಅಥವಾ ಹೆಚ್ಚು ಬೆಲೆಯದಾದರೆ ಅದನ್ನು 28 ದಿನಗಳೊಳಗೆ ತನ್ನ ಪಾಲಿಕೆಯ ಅಧಿಕಾರಿಗೆ ಬರೆದು ತಿಳಿಸಬೇಕು. ಇಂಗ್ಲೆಂಡಿನ ಪಾಲಿಕೆಗಳಿಗೆಂದು ರೂಪಿಸಿದ ಮಾದರಿ ನೀತಿಸಂಹಿತೆಯಲ್ಲಿ ಈ ನಿಯಮವಿದೆಯಂತೆ. ನಮ್ಮ ರೂಪಾಯಿಯಲ್ಲಿ ಅದು ಐದಾರು ಸಾವಿರ. ಬಿದರಿ ತಟ್ಟೆ, ಶಾಲು, ಪೇಟ, ಬೇಳೆ ಕೂಡಿದರೆ ಆ ಗಡಿಯನ್ನು ದಾಟುತ್ತಿತ್ತು. ನಾನು ಅಂಗಡಿಗೆ ಹೋಗಿ ಪ್ರತಿ ವಸ್ತುವಿನ ಬೆಲೆ ಬಿಡಿಸಿ ಬರೆದ ರಸೀದಿ ಕೇಳಿದಾಗ, ಅಲ್ಲಿಯವರೆಗೆ ಚೀಟಿಯಲ್ಲಿ ಒಟ್ಟು ಮೊತ್ತವನ್ನಷ್ಟೇ ಗೀಚಿ ಕೊಡುತ್ತಿದ್ದ ಮಾಲೀಕರು ಮೊದಲು ಮುಖ ಗಂಟಿಕ್ಕಿದರು. ಕಾರಣ ಕೇಳಿದ ಮೇಲೆ ರಸೀದಿ ಪುಸ್ತಕ ಹುಡುಕಿ ತೆಗೆದು, ಧೂಳು ಕೊಡವಿ, ಬೇಳೆ ಸಹಿತ ಎಲ್ಲವನ್ನೂ ಬರೆದರು. ‘ಇಪ್ಪತ್ತೊಂದು ವರ್ಷದಾಗ ಹಾರ ಹಾಕಿಸ್ಕೊಂಡವರು ಬಿಲ್ ಕೇಳಿದ್ದು ಇದೇ ಮದಲ’ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಕೊರತೆಗಳು ಸಣ್ಣವೇನಲ್ಲ. ಹೇಳಿದ ಸಮಯಕ್ಕೆ ಕೆಲಸ ಸಿಗುವುದಿಲ್ಲ. ಸಂಜೆ ಐದಕ್ಕೆ ಸಮಾರಂಭವಿದ್ದರೆ ನಾಲ್ಕೂಕಾಲಿಗೆ ಸ್ಕ್ರೂ ಹಾಕುತ್ತಿರುತ್ತಾರೆ. ಕೆತ್ತನೆಯ ಯಂತ್ರ ಒಂದೇ, ಅದನ್ನು ನಡೆಸುವ ಹುಡುಗನೂ ಒಬ್ಬನೇ, ಕರೆಂಟು ಹೋದರೆ ಇಬ್ಬರೂ ಸುಮ್ಮನೆ ಕುಳಿತಿರುತ್ತಾರೆ. ಕಾರು ನಿಲ್ಲಿಸಲು ಜಾಗವಿಲ್ಲ, ಚೌಕಟ್ಟಿನ ಗಾಜನ್ನು ಕಟ್ಟಿಕೊಡುವ ರೀತಿ ವಿಮಾನ ಪ್ರಯಾಣಕ್ಕೆ ತಕ್ಕುದಲ್ಲ. ನಮ್ಮ ಅಭಿನಂದನಾ ಪತ್ರದ ಗಾಜು ಆಕೆಯ ಮನೆ ಮುಟ್ಟುವಾಗ ಎರಡು ತುಂಡಾಗಿತ್ತು. ಪರದೇಶಕ್ಕೆ ಒಯ್ಯುವವರಿಗೆ ಕೊಡುವುದಾದರೆ ಗಾಜು ಬೇಡವೆಂದು ಮೊದಲೇ ಹೇಳುವುದು ಒಳ್ಳೆಯದು.

ಕೊನೆಗೆ ಕೆತ್ತಿದ ಸಾಲುಗಳಲ್ಲಿ ಮೊದಲನೆಯದು ಆಕೆಯ ಹೆಸರು, ಎರಡನೆಯದು ‘ಪಾಲಿಕೆ ಸದಸ್ಯೆ’ ಎಂಬುದರೊಂದಿಗೆ ಆ ವಾರ್ಡಿನ ಮತ್ತು ಊರಿನ ಹೆಸರು. ನಮ್ಮ ಸಂಘದ ಹಿರಿಯರಿಗೆ ಇದು ಹಿಡಿಸಲಿಲ್ಲ. ಮೇಯರ್ ಎಂಬ ಶಬ್ದವಿಲ್ಲದ ಮೇಲೆ ಸಭಾಭವನಕ್ಕೆ ಅಷ್ಟು ಬಾಡಿಗೆ ಯಾಕೆ ಕೊಟ್ಟದ್ದು ಎಂದು ಕೇಳಿದರು. ಅವರ ಮಾತಿನಲ್ಲಿ ಪ್ರೀತಿಯೇ ಇತ್ತೆಂದು ನಾನು ಬಲ್ಲೆ, ಆದರೆ ವಾರ್ಡಿನ ಕೆಲಸ ಹಾರಕ್ಕೆ ಸಾಲದು ಎಂಬ ಎಣಿಕೆಯೂ ಅದರಲ್ಲಿತ್ತು. ವೇದಿಕೆಯ ಮೇಲೆ ಆಕೆ ತಗಡನ್ನು ಓದಿ, ವಾರ್ಡಿನ ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿ, ಒತ್ತಕ್ಷರ ಸರಿಯಾಗಿದೆ ಎಂದು ನನಗೆ ಕೈಸನ್ನೆ ಮಾಡಿದಳು.

ಇನ್ನೊಂದು ಮಾತು, ಲೆಕ್ಕಕ್ಕೆ ಸಂಬಂಧಿಸಿದ್ದು. ಹಿರಿಯರು ನನಗೆ ತಿಳಿಸದೆ ತಮ್ಮ ಮೊಮ್ಮಗನನ್ನು ಕಳಿಸಿ ಹಳೆಯ ಚೀಟಿಯಂತೆ ‘ಲಂಡನ್ ಮೇಯರ್’ ಎಂಬ ತಗಡೊಂದನ್ನು ಕೆತ್ತಿಸಿಯೇ ಬಿಟ್ಟಿದ್ದರು. ಮಾಲೀಕರು ಇಲ್ಲದ ಹೊತ್ತಿನಲ್ಲಿ ಹುಡುಗ ಅದನ್ನು ಮಾಡಿಕೊಟ್ಟಿದ್ದ. ಆ ತಗಡು ಈಗ ಅಂಗಡಿಯ ಮೇಜಿನ ಖಾನೆಯಲ್ಲಿದೆ. ಹಿಂಬದಿ ನುಣುಪಾಗಿರುವುದರಿಂದ ಅದನ್ನು ತಿರುವಿ ಹಾಕಿ ಬೇರೆಯವರ ಹೆಸರು ಕೆತ್ತಬಹುದು, ಅಂಥದ್ದಕ್ಕೆ ಇಲ್ಲಿ ಅರ್ಧ ದರ.